ಸಿನಿಮಾ ಪಟ್ಟಿಯಲ್ಲಿ ವಯಸ್ಸಿನ ಗುರುತನ್ನೂ ಮುದ್ರಿಸಿ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಪತ್ರಿಕೆಯ ಒಳಪುಟದಲ್ಲಿ ಬರುವ ಸಿನಿಮಾ ಪಟ್ಟಿಯನ್ನು ನಾನು ತಪ್ಪದೇ ನೋಡುತ್ತೇನೆ. ಯಾವ ಚಿತ್ರಮಂದಿರದಲ್ಲಿ ಯಾವ ಸಿನಿಮಾ, ಯಾವ ಭಾಷೆ, ದಿನಕ್ಕೆ ಎಷ್ಟು ಆಟ, ಎಲ್ಲವೂ ಅದರಲ್ಲಿರುತ್ತದೆ. ಮಕ್ಕಳನ್ನು ಕರೆದುಕೊಂಡು ಹೊರಡುವವರಿಗೆ ಎಲ್ಲಕ್ಕಿಂತ ಮೊದಲು ಬೇಕಾದದ್ದು ಮಾತ್ರ ಇರುವುದಿಲ್ಲ. ಆ ಸಿನಿಮಾಕ್ಕೆ ಸಿಕ್ಕಿರುವ ಪ್ರಮಾಣಪತ್ರ ಯಾವುದು, ಯಾವ ವಯಸ್ಸಿನವರು ನೋಡಬಹುದು ಎಂಬುದು. ಪ್ರತಿ ಸಿನಿಮಾದ ಹೆಸರಿನ ಮುಂದೆ ಯು, ಯುಎ 7+, ಯುಎ 13+, ಯುಎ 16+, ಎ, ಇವುಗಳಲ್ಲಿ ಯಾವುದೋ ಅದನ್ನು ಓದುವಷ್ಟು ದೊಡ್ಡದಾಗಿ ಮುದ್ರಿಸಿ ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ. ನಾಲ್ಕೈದು ಅಕ್ಷರದ ಜಾಗ ಸಾಕು.

ಇದನ್ನು ಕೇಳುವುದಕ್ಕೆ ನನಗೇನು ಸಂಬಂಧ ಎಂದರೆ, ನಾನು ಈ ಊರಿನ ಒಂದು ಟಾಕೀಸಿನಲ್ಲಿ ಹೆಂಗಸರ ಕೌಂಟರಿನಲ್ಲಿ ಕೂತು ಟಿಕೆಟ್ ಕೊಟ್ಟವಳು. ಆ ಟಾಕೀಸು ಈಗಿಲ್ಲ. ನಮ್ಮ ಯಜಮಾನರು ಹತ್ತಿಗಿರಣಿಯಲ್ಲಿ ಪಾಳಿ ಕೆಲಸ ಮಾಡುತ್ತಿದ್ದರು. ಗಿರಣಿ ನಿಂತ ಮೇಲೆ ಮನೆ ನಡೆದದ್ದು ಆ ಕಿಂಡಿಯಿಂದಲೇ. ದಾವಣಗೆರೆ ಆಗಿನ್ನೂ ಜಿಲ್ಲೆಯಾಗಿರಲಿಲ್ಲ. 1997ರವರೆಗೆ ನಾವು ಚಿತ್ರದುರ್ಗ ಜಿಲ್ಲೆಯವರು. ಚಿತ್ರಮಂದಿರಕ್ಕೆ ಲೈಸೆನ್ಸ್ ಕೊಡುವವರು ಜಿಲ್ಲಾಧಿಕಾರಿಗಳಾದ್ದರಿಂದ ನಮ್ಮ ಮ್ಯಾನೇಜರ್ ಕಾಗದಪತ್ರ ಹಿಡಿದುಕೊಂಡು ದುರ್ಗಕ್ಕೆ ಓಡಾಡುತ್ತಿದ್ದರು. ತುಂಬ ಕಟ್ಟುನಿಟ್ಟಿನ ಮನುಷ್ಯ. ಹೊಸ ಸಿನಿಮಾದ ಪೆಟ್ಟಿಗೆ ಬಂತೆಂದರೆ ಮೊದಲು ಕೇಳುತ್ತಿದ್ದದ್ದು ಸೆನ್ಸಾರ್ ಸರ್ಟಿಫಿಕೇಟಿನ ಪ್ರತಿ. ಅದನ್ನು ಆಫೀಸಿನ ಗೋಡೆಗೆ ತಗುಲಿಸಿ, ನನ್ನನ್ನೂ ಗೇಟ್‌ಕೀಪರ್‌ಗಳನ್ನೂ ಕರೆದು, ‘ಈ ವಾರ ಇದು ನೋಡ್ಕಳ್ರಿ’ ಎಂದು ತೋರಿಸುತ್ತಿದ್ದರು. ಅದರಲ್ಲಿ ಏನೇನು ಬರೆದಿರುತ್ತದೆ ಎಂದು ನಾನು ಓದಿ ಕಲಿತದ್ದು ಆ ಗೋಡೆಯ ಮೇಲೆಯೇ. ಸಿನಿಮಾದ ಹೆಸರು, ಭಾಷೆ, ಉದ್ದ, ನಂಬರು, ತಾರೀಕು, ಅರ್ಜಿ ಹಾಕಿದವರು, ನಿರ್ಮಾಪಕರು, ಸಿನಿಮಾ ನೋಡಿ ತೀರ್ಮಾನಿಸಿದವರ ಹೆಸರುಗಳು. ಕೆಳಗೆ ಎಡಮೂಲೆಯಲ್ಲಿ ಒಂದು ತ್ರಿಕೋನ ಇದ್ದರೆ ಆ ಸಿನಿಮಾದಲ್ಲಿ ಕತ್ತರಿ ಬಿದ್ದಿದೆ ಎಂದು ಅರ್ಥ, ಏನೇನು ಕತ್ತರಿಸಿದರು ಎಂಬುದು ಎರಡನೇ ಭಾಗದಲ್ಲಿರುತ್ತಿತ್ತು. ಈಗಿನ ಪ್ರಮಾಣಪತ್ರದಲ್ಲಿ ಕ್ಯೂಆರ್ ಕೋಡ್ ಇದೆ.

ಹೆಂಗಸರ ಕೌಂಟರಿಗೆ ಬರುತ್ತಿದ್ದವರಲ್ಲಿ ಮುಕ್ಕಾಲು ಜನ ಮಕ್ಕಳೊಂದಿಗರು. ಕಂಕುಳಲ್ಲಿ ಒಂದು, ಕೈಯಲ್ಲೊಂದು. ಸಂತೆಗೆ ಬಂದು, ಸಾಮಾನಿನ ಚೀಲ ಕಿಂಡಿಯ ಕೆಳಗಿಟ್ಟು, ಸೆರಗಿನ ಗಂಟು ಬಿಚ್ಚಿ ಚಿಲ್ಲರೆ ಎಣಿಸುವವರು. ಎ ಸಿನಿಮಾ ಹಾಕಿದ ವಾರ ಕಿಂಡಿಯ ಮೇಲೆ ‘ವಯಸ್ಕರಿಗೆ ಮಾತ್ರ’ ಎಂಬ ತಗಡಿನ ಬೋರ್ಡು ತೂಗುಹಾಕುತ್ತಿದ್ದರು. ಅದನ್ನು ಓದಲಾರದವರಿಗೆ ಬಾಯಲ್ಲಿ ಹೇಳುವುದು ನನ್ನ ಕೆಲಸವಾಗಿತ್ತು. ‘ಕೂಸು ಮಲಗೇತಿ ಯಕ್ಕಾ, ಅದೇನ್ ನೋಡ್ತತಿ’ ಎನ್ನುವವರು. ‘ನಮ್ಮ ಹುಡುಗ್ರು, ನಾವಾ ಕರ್ಕಂಡು ಬಂದೀವಿ’ ಎನ್ನುವವರು. ಒಬ್ಬ ತಾಯಿ ಹನ್ನೊಂದು ಹನ್ನೆರಡರ ಮಗಳಿಗೆ ತನ್ನ ಸೀರೆ ಉಡಿಸಿಕೊಂಡು ಬಂದಿದ್ದಳು. ನೆರಿಗೆ ಕಾಲಿಗೆ ತೊಡರಿ ಆ ಹುಡುಗಿ ನಡೆಯಲಾರದೆ ನಿಂತಿತ್ತು. ನಾನು ಟಿಕೆಟ್ ಕೊಡಲಿಲ್ಲ. ಬೈಸಿಕೊಂಡೆ. ಮನೆಯಲ್ಲಿ ಹುಡುಗಿಯನ್ನು ಬಿಟ್ಟು ಬರಲು ಯಾರೂ ಇರಲಿಲ್ಲ ಎಂದು ಆ ತಾಯಿ ಹೇಳಿದ್ದು ಸುಳ್ಳೂ ಆಗಿರಲಿಲ್ಲ. ನಮ್ಮ ಊರಿನಲ್ಲಿ ಮಕ್ಕಳು ಬೇಡದ ಸಿನಿಮಾ ನೋಡುವುದು ತಂದೆತಾಯಿಗೆ ಕಾಳಜಿಯಿಲ್ಲ ಎಂಬ ಕಾರಣಕ್ಕೆ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಮನೆ ಬಿಡುವ ಮುಂಚೆ ಗೊತ್ತಿರುವುದಿಲ್ಲ, ಬಂದ ಮೇಲೆ ವಾಪಸ್ ಹೋಗಲು ಆಗುವುದಿಲ್ಲ.

ಅದೇ ಕಥೆ ಈಗಲೂ ನಡೆಯುತ್ತಿದೆ. ಕಳೆದ ಬೇಸಿಗೆ ರಜೆಯಲ್ಲಿ ಮಗಳ ಜತೆ ಒಂದು ಮಲ್ಟಿಪ್ಲೆಕ್ಸಿಗೆ ಹೋಗಿದ್ದೆ. ಜಗಳೂರು ಕಡೆಯ ಒಂದು ಕುಟುಂಬ ಗೇಟಿನಲ್ಲಿ ಜಗಳಕ್ಕೆ ನಿಂತಿತ್ತು. ಮೊಬೈಲಿನಲ್ಲಿ ಟಿಕೆಟ್ ಬುಕ್ ಮಾಡಿಕೊಂಡು ಬಸ್ಸಿನಲ್ಲಿ ಬಂದವರು. ಸಿನಿಮಾಕ್ಕೆ ಎ ಪ್ರಮಾಣಪತ್ರ, ಚಿಕ್ಕ ಮಗ ದ್ವಿತೀಯ ಪಿಯುಸಿ, ಹದಿನೆಂಟು ತುಂಬಿಲ್ಲ. ‘ಅಣ್ಣಾರೆ, ಆಧಾರ್ ತೋರಿಸ್ರಿ, ಹದಿನೆಂಟು ಆಗಿದ್ರೆ ಬಿಡ್ತೀನಿ’ ಎಂದು ಗೇಟಿನ ಹುಡುಗ ಸಮಾಧಾನವಾಗಿಯೇ ಹೇಳುತ್ತಿದ್ದ. ‘ಹೆತ್ತೋರು ನಾವಾ ಜತಿಗಿದೀವಿ, ನಿಮಗೇನ್ ತೊಂದ್ರಿ’ ಎಂದು ತಂದೆ ಕೂಗಾಡುತ್ತಿದ್ದರು. ಸುತ್ತ ನಿಂತವರೆಲ್ಲ ತಂದೆಯ ಪರ. ಕೊನೆಗೆ ತಂದೆಯೂ ದೊಡ್ಡ ಮಗನೂ ಒಳಗೆ ಹೋದರು, ತಾಯಿ ಚಿಕ್ಕವನನ್ನು ಕರೆದುಕೊಂಡು ಹೊರಗಿನ ಮೆಟ್ಟಿಲ ಮೇಲೆ ಕೂತು ಬುತ್ತಿ ಬಿಚ್ಚಿದರು. ಆ ಎರಡು ಟಿಕೆಟಿನ ದುಡ್ಡು ವಾಪಸ್ ಬರಲಿಲ್ಲ.

ಗೇಟಿನ ಹುಡುಗ ಮಾಡಿದ್ದು ಸರಿ. ಇದನ್ನು ನಾನು ಅಲ್ಲೇ ಎಲ್ಲರಿಗೂ ಹೇಳಿದೆ, ಇಲ್ಲಿಯೂ ಹೇಳುತ್ತೇನೆ. ಎ ಎಂದರೆ ಹದಿನೆಂಟು ತುಂಬಿದವರಿಗೆ ಮಾತ್ರ. ತಂದೆತಾಯಿ ಜತೆಗಿದ್ದರೆ ನಡೆಯುತ್ತದೆ ಎಂಬುದು ನಮ್ಮ ಕಾನೂನಿನಲ್ಲಿಲ್ಲ. ಅಮೆರಿಕದಲ್ಲಿ ಆರ್ ಎಂಬ ದರ್ಜೆಯ ಸಿನಿಮಾಕ್ಕೆ ಹದಿನೇಳರೊಳಗಿನವರು ದೊಡ್ಡವರ ಜತೆ ಹೋಗಬಹುದು, ಅದನ್ನು ಎಲ್ಲೋ ಕೇಳಿದವರು ಇಲ್ಲಿಯೂ ಹಾಗೇ ಎಂದುಕೊಂಡಿರುತ್ತಾರೆ. ನಮ್ಮಲ್ಲಿ 1952ರ ಸಿನಿಮಾಟೋಗ್ರಾಫ್ ಕಾಯ್ದೆಯ ಪ್ರಕಾರ ಎ ಸಿನಿಮಾವನ್ನು ವಯಸ್ಕರಲ್ಲದವರಿಗೆ ತೋರಿಸುವಂತಿಲ್ಲ. ತೋರಿಸಿದರೆ ಚಿತ್ರಮಂದಿರದವರಿಗೆ ದಂಡನೆಯುಂಟು. ಮಗುವಿನ ತಂದೆ ಒಪ್ಪಿದ್ದರು ಎಂದು ಚಿತ್ರಮಂದಿರದವರು ಹೇಳಿ ಪಾರಾಗಲು ಬರುವುದಿಲ್ಲ. ತಿಂಗಳಿಗೆ ಇಷ್ಟೇ ಸಂಬಳಕ್ಕೆ ಗೇಟಿನಲ್ಲಿ ನಿಂತ ಹುಡುಗನ ಮೇಲೆ ನಾವು ಹರಿಹಾಯುವಾಗ ಇದನ್ನು ನೆನಪಿಡಬೇಕು.

ತಪ್ಪು ಬೇರೆ ಕಡೆ ಇದೆ. ಆ ಕುಟುಂಬಕ್ಕೆ ಅದು ಎ ಸಿನಿಮಾ ಎಂದು ತಿಳಿಯಬೇಕಿದ್ದದ್ದು ಜಗಳೂರಿನಲ್ಲಿ, ಬಸ್ಸು ಹತ್ತುವ ಮುಂಚೆ. ಪರದೆಯ ಮೇಲೆ ಸಿನಿಮಾ ಶುರುವಾಗುವ ಮುನ್ನ ಪ್ರಮಾಣಪತ್ರವನ್ನು ಹತ್ತು ಸೆಕೆಂಡ್ ತೋರಿಸುತ್ತಾರೆ. ಅಷ್ಟು ಹೊತ್ತಿಗೆ ಎಲ್ಲರೂ ದುಡ್ಡು ಕೊಟ್ಟು ಒಳಗೆ ಕೂತಿರುತ್ತಾರೆ. ಬಸ್ಸು ಊರು ದಾಟಿದ ಮೇಲೆ ಯಾವ ಊರಿಗೆ ಹೋಗುವ ಬಸ್ಸೆಂದು ಬೋರ್ಡು ತೋರಿಸಿದ ಹಾಗೆ ಅದು.

ಯುಎ ವಿಷಯ ಇನ್ನೂ ಸೂಕ್ಷ್ಮ. ಜನರಿಗೆ ಅತಿ ಕಡಿಮೆ ಗೊತ್ತಿರುವುದೂ ಇದೇ. ಮೊದಲು ನಮ್ಮಲ್ಲಿ ಇದ್ದದ್ದು ಎರಡೇ, ಯು ಮತ್ತು ಎ. ಎಲ್ಲರೂ ನೋಡಬಹುದು, ಇಲ್ಲವೇ ದೊಡ್ಡವರು ಮಾತ್ರ. 1983ರಲ್ಲಿ ನಡುವೆ ಯುಎ ಬಂತು, ಜತೆಗೆ ವೈದ್ಯರು, ವಿಜ್ಞಾನಿಗಳಂಥ ನಿರ್ದಿಷ್ಟ ವರ್ಗದವರಿಗಾಗಿ ಎಸ್ ಎಂಬುದೂ ಬಂತು. ಎಸ್ ಸಿನಿಮಾ ನಮ್ಮ ಟಾಕೀಸಿಗೆ ಒಂದೂ ಬಂದದ್ದಿಲ್ಲ. ಆಗಿನ ಯುಎ ಎಂದರೆ ಎಲ್ಲರೂ ನೋಡಬಹುದು, ಆದರೆ ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಸರಿಹೊಂದುತ್ತದೋ ಇಲ್ಲವೋ ಎಂದು ತಂದೆತಾಯಿ ಯೋಚಿಸಬೇಕಿತ್ತು. ನಲವತ್ತು ವರ್ಷ ಈ ಒಂದೇ ಗೆರೆಯಲ್ಲಿ ಕಾಲ ಹಾಕಿದೆವು. ಐದು ವರ್ಷದ ಮಗುವಿಗೂ ಹನ್ನೊಂದು ವರ್ಷದ ಹುಡುಗನಿಗೂ ಒಂದೇ ಗುರುತು. ಹನ್ನೆರಡಾದ ಮೇಲೆ ಹದಿನೆಂಟರವರೆಗೆ ಏನೂ ಇಲ್ಲ. ಒಂದು ಹೊಡೆದಾಟ ಇದ್ದ ಸಿನಿಮಾವೂ ಯುಎ, ಎಗೆ ಕೂದಲೆಳೆಯಷ್ಟು ಹತ್ತಿರ ಬಂದ ಸಿನಿಮಾವೂ ಯುಎ. ಆ ಎರಡಕ್ಕೂ ಅಮ್ಮಂದಿರು ಕಿಂಡಿಯಲ್ಲಿ ‘ಮಕ್ಕಳು ನೋಡಬಹುದಾ’ ಎಂದು ಕೇಳಿದರೆ ನಾನು ಪ್ರಮಾಣಪತ್ರ ನೋಡಿ ಹೇಳಲು ಸಾಧ್ಯವೇ ಇರಲಿಲ್ಲ. ಮೊದಲ ಆಟ ನೋಡಿ ಬಂದ ಗೇಟ್‌ಕೀಪರನ್ನು ಕೇಳಿ ಹೇಳುತ್ತಿದ್ದೆ.

2023ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ, 2024ರ ಮಾರ್ಚ್‌ನಲ್ಲಿ ಹೊಸ ನಿಯಮಗಳು ಬಂದು, ಈಗ ಯುಎ ಮೂರು ಭಾಗವಾಗಿದೆ: 7+, 13+, 16+. ಅಂದರೆ ಏಳು ವರ್ಷದೊಳಗಿನವರಿಗೆ ಯೋಚಿಸಿ ತೋರಿಸಿ, ಹದಿಮೂರರೊಳಗಿನವರಿಗೆ ಯೋಚಿಸಿ ತೋರಿಸಿ, ಹದಿನಾರರೊಳಗಿನವರಿಗೆ ಯೋಚಿಸಿ ತೋರಿಸಿ. ಮನೆಯಲ್ಲಿ ಮೊಬೈಲು, ಟಿವಿಯಲ್ಲಿ ನೋಡುವ ಒಟಿಟಿಯವರಿಗೆ ಈ ಮೂರು ಮೆಟ್ಟಿಲನ್ನು 2021ರ ನಿಯಮಗಳಲ್ಲೇ ಹೇಳಲಾಗಿತ್ತು. ಚಿತ್ರಮಂದಿರಕ್ಕೆ ಆಮೇಲೆ ಬಂತು. ಬಂದದ್ದು ಒಳ್ಳೆಯದೇ. ನಾನು ಕಿಂಡಿಯಲ್ಲಿ ಕೂತ ಕಾಲಕ್ಕೆ ಇದಿದ್ದರೆ ಎಷ್ಟು ತಾಯಂದಿರಿಗೆ ನೇರವಾಗಿ ಉತ್ತರ ಕೊಡಬಹುದಿತ್ತು!

ಆದರೆ ಒಂದು ಮುಖ್ಯ ವಿಷಯವನ್ನು ಎಲ್ಲರೂ ತಿಳಿಯಬೇಕು. ಎ ಪ್ರಮಾಣಪತ್ರವನ್ನು ಜಾರಿ ಮಾಡುವುದು ಚಿತ್ರಮಂದಿರದ ಹೊಣೆ. ಯುಎ ಪಕ್ಕದ ಸಂಖ್ಯೆಯ ಹೊಣೆ ತಂದೆತಾಯಿಯದು. ತಿದ್ದುಪಡಿಯಲ್ಲೇ ಇದು ಸ್ಪಷ್ಟವಾಗಿದೆ. ಆ ವಯಸ್ಸಿನ ಗುರುತು ತಂದೆತಾಯಿ ಅಥವಾ ಪೋಷಕರು ಗಮನಿಸಬೇಕಾದದ್ದು, ಬೇರೆ ಯಾರೂ ಅದನ್ನು ಜಾರಿ ಮಾಡುವಂತಿಲ್ಲ. ಯುಎ 16+ ಸಿನಿಮಾಕ್ಕೆ ನೀವು ಐದು ವರ್ಷದ ಮಗುವನ್ನು ಕರೆದುಕೊಂಡು ಹೋದರೆ ಗೇಟಿನಲ್ಲಿ ಯಾರೂ ತಡೆಯುವುದಿಲ್ಲ, ತಡೆಯಬೇಕೆಂದು ಕಾನೂನೂ ಹೇಳುವುದಿಲ್ಲ. ಒಳಗೆ ಬಿಟ್ಟರು, ಅಂದ ಮೇಲೆ ಮಕ್ಕಳ ಸಿನಿಮಾವೇ ಇರಬೇಕು ಎಂದು ಜನ ತಿಳಿಯುತ್ತಾರೆ. ಅಲ್ಲೇ ಎಡವುತ್ತಿರುವುದು.

ಎಡವಿದರೆ ಏನಾಗುತ್ತದೆ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ. ದೀಪಾವಳಿ ಸಮಯದಲ್ಲಿ ಒಂದು ಯುಎ 16+ ಸಿನಿಮಾ ನೋಡುತ್ತಿದ್ದೆ. ನನ್ನ ಮುಂದಿನ ಸಾಲಿನಲ್ಲಿ ಆರೇಳು ವರ್ಷದ ಒಂದು ಹುಡುಗಿ, ಹೊಸ ಲಂಗ, ತಲೆತುಂಬ ಮಲ್ಲಿಗೆ. ಮೊದಲ ಅರ್ಧಗಂಟೆ ಕುರ್ಚಿಯ ಮೇಲೆ ನಿಂತು ಕುಣಿಯಿತು. ಆಮೇಲೆ ಪರದೆಯ ಮೇಲೆ ಮಚ್ಚು, ಕತ್ತು, ರಕ್ತ. ಆ ಶಬ್ದ ಈಗಿನ ಚಿತ್ರಮಂದಿರಗಳಲ್ಲಿ ಎದೆಗೇ ಬಡಿಯುತ್ತದೆ. ಮಗು ಕುರ್ಚಿಯಿಂದ ಇಳಿದು, ಎರಡು ಸಾಲಿನ ನಡುವೆ ನೆಲದಲ್ಲಿ ಕುಕ್ಕರುಗಾಲಲ್ಲಿ ಕೂತು, ಅಪ್ಪನ ಮೊಣಕಾಲಿಗೆ ಮುಖ ಒತ್ತಿಕೊಂಡು ಎರಡೂ ಕಿವಿ ಮುಚ್ಚಿಕೊಂಡಿತು. ಕಣ್ಣು ಮುಚ್ಚಿದರೆ ಕಾಣುವುದಿಲ್ಲ, ಕಿವಿ ಎಷ್ಟು ಮುಚ್ಚಿದರೂ ಕೇಳುತ್ತದೆ. ಇಂಟರ್ವಲ್ಲಿನಲ್ಲಿ ಆ ತಾಯಿಯನ್ನು ಮಾತಾಡಿಸಿದೆ. ‘ಪೋಸ್ಟರ್‌ನಾಗೆ ಹೀರೋ ಮಗೂನ ಎತ್ಕಂಡು ನಗ್ತಿದ್ನಲ್ಲ ಯಕ್ಕಾ, ಮನಿ ಮಂದಿ ನೋಡೋ ಸಿನಿಮಾ ಅಂದ್ಕಂಡ್ವಿ’ ಎಂದಳು. ಪ್ರಮಾಣಪತ್ರದ ಮಾತೆತ್ತಿದರೆ, ‘ಯುಎ ಅಂದ್ರೆ ಎಲ್ಲಾರೂ ನೋಡಬಹುದು ಅಂತಲ್ವಾ’ ಎಂದಳು. ಡಿಗ್ರಿ ಓದಿದ ಹೆಣ್ಣುಮಗಳು. ಅರ್ಧಕ್ಕೇ ಎದ್ದು ಹೋದರು.

ಪೋಸ್ಟರಿನಲ್ಲಿ ಗುರುತು ಇರಲಿಲ್ಲವೇ ಎಂದು ನೀವು ಕೇಳಬಹುದು. ಇರುತ್ತದೆ. ಎ, ಯುಎ, ಎಸ್ ಸಿನಿಮಾಗಳ ಪತ್ರಿಕಾ ಜಾಹೀರಾತು, ಹೋರ್ಡಿಂಗ್, ಪೋಸ್ಟರ್, ಕರಪತ್ರ, ಟ್ರೇಲರ್ ಎಲ್ಲದರಲ್ಲೂ ಪ್ರಮಾಣಪತ್ರ ಯಾವುದೆಂದು ತಿಳಿಸಬೇಕು ಎಂಬ ನಿಯಮ 1983ರಿಂದಲೂ ಇದೆ. ಆದರೆ ಪ್ರಮಾಣಪತ್ರ ಕೈಗೆ ಬಂದ ಮೇಲಿನ ಜಾಹೀರಾತಿಗೆ ಮಾತ್ರ ಅದು ಅನ್ವಯ. ಅದಕ್ಕೂ ಮುಂಚೆ ಅಂಟಿಸಿದ ಪೋಸ್ಟರು ಗೋಡೆಯಲ್ಲಿ ಹಾಗೇ ಇರುತ್ತದೆ. ಗುರುತು ಇರುವ ಕಡೆಯೂ ಮೂಲೆಯಲ್ಲಿ ಸಾಸಿವೆಕಾಳಿನಷ್ಟು ಚಿಕ್ಕದು. ರಸ್ತೆ ಬದಿಯಲ್ಲಿ ಬೈಕು ನಿಲ್ಲಿಸಿಕೊಂಡು ಎದುರಿಗಿನ ಪೋಸ್ಟರುಗಳನ್ನು ನೋಡಿ. ಹೀರೋ ಮುಖ, ಬಿಡುಗಡೆ ತಾರೀಕು ರಸ್ತೆಯ ಆ ಬದಿಯಿಂದಲೂ ಕಾಣುತ್ತದೆ. ವಯಸ್ಸಿನ ಗುರುತು ಓದಬೇಕಾದರೆ ಹತ್ತಿರ ಹೋಗಿ ಬಗ್ಗಬೇಕು. ಮೊಬೈಲಿನಲ್ಲಿ ನೋಡುವ ಟ್ರೇಲರಿಗಂತೂ ಪ್ರಮಾಣಪತ್ರವೇ ಬೇಕಿಲ್ಲ, ಚಿತ್ರಮಂದಿರದಲ್ಲಿ ತೋರಿಸುವ ಟ್ರೇಲರಿಗೆ ಮಾತ್ರ ಬೇಕು. ಹಳ್ಳಿಯಲ್ಲಿ ಕೂತು ಮೊಬೈಲಿನಲ್ಲಿ ಟ್ರೇಲರ್ ನೋಡಿ ಸಿನಿಮಾಕ್ಕೆ ಹೊರಡುವವರಿಗೆ ದಾರಿಯಲ್ಲಿ ಎಲ್ಲಿಯೂ ಆ ಸಂಖ್ಯೆ ಎದುರಾಗುವುದಿಲ್ಲ. ಅದಕ್ಕೇ ದಿನಪತ್ರಿಕೆಯ ಪಟ್ಟಿ ಎಂದು ನಾನು ಒತ್ತಿ ಹೇಳುತ್ತಿರುವುದು. ನಿಮ್ಮ ಪತ್ರಿಕೆ ಕ್ಷೌರದಂಗಡಿಗೆ, ಹೋಟೆಲಿಗೆ, ಗ್ರಂಥಾಲಯಕ್ಕೆ, ಪಂಚಾಯಿತಿ ಆಫೀಸಿಗೆ ಹೋಗುತ್ತದೆ.

ಪ್ರಮಾಣಪತ್ರವನ್ನು ಯಾರೋ ಒಬ್ಬ ಅಧಿಕಾರಿ ಕೂತು ಮನಸ್ಸಿಗೆ ಬಂದಂತೆ ಒತ್ತಿಬಿಡುತ್ತಾರೆ ಎಂಬ ಭಾವನೆಯೂ ಹಲವರಲ್ಲಿದೆ. ಹಾಗಿಲ್ಲ. ನಾವು ಸೆನ್ಸಾರ್ ಎನ್ನುವ ಸಿನಿಮಾ ಪ್ರಮಾಣನ ಮಂಡಳಿಯ ಕೇಂದ್ರ ಕಚೇರಿ ಮುಂಬೈನಲ್ಲಿದೆ, ಬೆಂಗಳೂರೂ ಸೇರಿ ಒಂಬತ್ತು ಕಡೆ ಪ್ರಾದೇಶಿಕ ಕಚೇರಿಗಳಿವೆ. ಪರಿಶೀಲನಾ ಸಮಿತಿಯವರು ಒಟ್ಟಿಗೆ ಕೂತು ಸಿನಿಮಾ ಪೂರ್ತಿ ನೋಡುತ್ತಾರೆ, ಸಮಿತಿಯಲ್ಲಿ ಮಹಿಳೆಯರು ಇರಲೇಬೇಕು. ಒಬ್ಬೊಬ್ಬರೂ ತಮ್ಮ ಅಭಿಪ್ರಾಯ ಬರೆದುಕೊಡಬೇಕು, ಅರ್ಜಿದಾರರಿಗೂ ತಮ್ಮ ಮಾತು ಹೇಳಿಕೊಳ್ಳಲು ಅವಕಾಶ ಉಂಟು. ಒಪ್ಪಿಗೆಯಾಗದಿದ್ದರೆ ಮರುಪರಿಶೀಲನಾ ಸಮಿತಿ ಇದೆ. ಅದರ ಮೇಲೆ ಮೊದಲು ಒಂದು ಮೇಲ್ಮನವಿ ನ್ಯಾಯಮಂಡಳಿ ಇತ್ತು, 2021ರಲ್ಲಿ ಅದನ್ನು ತೆಗೆದರು. ಈಗ ನೇರ ಹೈಕೋರ್ಟಿಗೇ ಹೋಗಬೇಕು. ಸಿನಿಮಾವನ್ನು ಒಂದೊಂದು ದೃಶ್ಯವಾಗಿ ಕಿತ್ತು ನೋಡದೆ ಒಟ್ಟಾರೆ ಪರಿಣಾಮ ಏನು ಎಂದು ನೋಡಬೇಕು ಎಂದು 1991ರ ಮಾರ್ಗಸೂಚಿ ಹೇಳುತ್ತದೆ. ಸಿನಿಮಾಕ್ಕೆ ಮುಂಚಿತವಾಗಿ ಇಂಥ ಪರಿಶೀಲನೆ ಬೇಕೇ ಎಂಬ ಪ್ರಶ್ನೆಯನ್ನು ಸಿನಿಮಾ ನಿರ್ದೇಶಕ ಕೆ.ಎ. ಅಬ್ಬಾಸ್ ಅವರು ಸುಪ್ರೀಂ ಕೋರ್ಟಿಗೇ ಒಯ್ದಿದ್ದರು. ಚಲಿಸುವ ಚಿತ್ರ ಬೇರೆ ಕಲೆಗಳಿಗಿಂತ ಹೆಚ್ಚು ತೀವ್ರವಾಗಿ ಮನಸ್ಸನ್ನು ಕಲಕುತ್ತದೆ, ಆದ್ದರಿಂದ ವಯಸ್ಸಿನ ಪ್ರಕಾರ ವಿಂಗಡಿಸುವುದು ಸರಿ ಎಂದು ಕೋರ್ಟು 1970ರಲ್ಲಿ ಹೇಳಿತು. ಮುಂದಿನ ಸಾಲಿನ ಆ ಮಗುವನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದರ ಜತೆಗೇ ಇನ್ನೊಂದು ಮಾತು. ಎ ಎಂದರೆ ಕೆಟ್ಟ ಸಿನಿಮಾ, ಯು ಎಂದರೆ ಒಳ್ಳೆಯ ಸಿನಿಮಾ ಎಂಬುದು ನಮ್ಮ ಭಾಗದಲ್ಲಿ ಬೇರೂರಿರುವ ತಿಳಿವಳಿಕೆ. ನಾನು ಟಿಕೆಟ್ ಕೊಡುತ್ತಿದ್ದಾಗ ಎ ಸಿನಿಮಾದ ವಾರ ಹೆಂಗಸರ ಕೌಂಟರು ಹೆಚ್ಚೂಕಡಿಮೆ ಖಾಲಿ. ಎ ಬೋರ್ಡು ಕಂಡ ಟಾಕೀಸಿನ ಮುಂದೆ ಹಾದುಹೋಗಲೂ ನಾಚುತ್ತಿದ್ದರು. ಅದರಲ್ಲಿ ಹೆಣ್ಣಿನ ಕಷ್ಟವನ್ನೇ ಕಣ್ಣಿಗೆ ಕಟ್ಟುವಂತೆ ಹೇಳಿದ, ಹೆಂಗಸರೇ ಮೊದಲು ನೋಡಬೇಕಿದ್ದ ಸಿನಿಮಾಗಳೂ ಇದ್ದವು. ಪ್ರೊಜೆಕ್ಟರ್ ರೂಮಿನ ಪಕ್ಕದ ಕಿಟಕಿಯಲ್ಲಿ ನಿಂತು ನಾನು ಅತ್ತು ನೋಡಿದ್ದೇನೆ, ಕೆಳಗೆ ಲೇಡೀಸ್ ಸೀಟುಗಳು ಬಣಗುಡುತ್ತಿದ್ದವು. ಪ್ರಮಾಣಪತ್ರ ವಯಸ್ಸನ್ನು ಮಾತ್ರ ಹೇಳುತ್ತದೆ. ಸಿನಿಮಾ ಚೆನ್ನಾಗಿದೆಯೋ ಇಲ್ಲವೋ, ಮರ್ಯಾದಸ್ಥರು ನೋಡುವಂಥದ್ದೋ ಅಲ್ಲವೋ ಎಂಬುದು ಅದರ ಕೆಲಸವಲ್ಲ. ಎ ಎಂಬ ಅಕ್ಷರಕ್ಕೆ ಅಂಟಿದ ಈ ಕಳಂಕದಿಂದಲೇ ನಿರ್ಮಾಪಕರು ಅದನ್ನು ತಪ್ಪಿಸಿಕೊಳ್ಳಲು ನೋಡುತ್ತಾರೆ. ಎ ಬಂದರೆ ಕುಟುಂಬಗಳು ಬರುವುದಿಲ್ಲ, ಟಿವಿಗೂ ಹಾಗೇ ಕೊಡಲು ಬರುವುದಿಲ್ಲ, ಏಕೆಂದರೆ ಟಿವಿಯಲ್ಲಿ ಯು ಅಥವಾ ಯುಎ ಪ್ರಮಾಣಪತ್ರ ಇರುವುದನ್ನಷ್ಟೇ ಪ್ರಸಾರ ಮಾಡಬಹುದು. ಹಾಗಾಗಿ ಇಷ್ಟಿಷ್ಟು ಕತ್ತರಿಸಿದರೆ ಯುಎ ಎಂದು ಮಂಡಳಿ ಹೇಳಿದಾಗ ಒಪ್ಪಿಕೊಂಡು ಕತ್ತರಿಸುತ್ತಾರೆ. ಕತೆಯ ಒಟ್ಟು ಕಾವು ಹಾಗೇ ಉಳಿದಿರುತ್ತದೆ. ಯುಎ 16+ ಎಂದು ಕಂಡಾಗ ಚಿಕ್ಕ ಮಕ್ಕಳ ತಂದೆತಾಯಿ ಅದನ್ನು ಎ ಪಕ್ಕದ ಮನೆ ಎಂದೇ ತಿಳಿಯಬೇಕು.

ಬೇರೆ ಭಾಷೆಯ ಸಿನಿಮಾಗಳ ವಿಷಯದಲ್ಲೂ ಎಚ್ಚರ ಬೇಕು. ನಮ್ಮ ಊರಿನಲ್ಲಿ ತೆಲುಗು, ತಮಿಳು, ಹಿಂದಿ ಎಲ್ಲ ಓಡುತ್ತವೆ, ಕನ್ನಡಕ್ಕೆ ಡಬ್ ಆದದ್ದೂ ಬರುತ್ತದೆ. ಒಂದೊಂದು ಭಾಷೆಯ ಆವೃತ್ತಿಗೂ ಬೇರೆ ಪ್ರಮಾಣಪತ್ರ. ಒಂದು ಭಾಷೆಯದು ನೋಡಿ ಇನ್ನೊಂದಕ್ಕೂ ಅದೇ ಎಂದುಕೊಳ್ಳಬಾರದು. ಮತ್ತೆ ಬಿಡುಗಡೆಯಾಗುವ ಹಳೆಯ ಸಿನಿಮಾಗಳಲ್ಲಿ ಬರಿ ಯುಎ ಎಂದಿರುತ್ತದೆ, ಸಂಖ್ಯೆ ಇರುವುದಿಲ್ಲ, ಅವು ಹೊಸ ನಿಯಮಕ್ಕೂ ಮುಂಚೆ ಪಡೆದ ಪ್ರಮಾಣಪತ್ರಗಳು. ಅಂಥವನ್ನು ಮನೆಯಲ್ಲಿ ನೋಡಿದ ದೊಡ್ಡವರು ಯಾರಾದರೂ ಇರುತ್ತಾರೆ, ಕೇಳಿದರೆ ಹೇಳುತ್ತಾರೆ.

ಮನೆಯ ಟಿವಿ, ಮೊಬೈಲಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಅದು ನನ್ನ ಅನುಭವದ ಕ್ಷೇತ್ರ ಅಲ್ಲ. ಒಟಿಟಿಯಲ್ಲಿ ವಯಸ್ಸಿನ ಗುರುತನ್ನು ಆ ಕಂಪನಿಯವರೇ ಹಾಕಿಕೊಳ್ಳುತ್ತಾರೆ, ಮಂಡಳಿ ನೋಡಿರುವುದಿಲ್ಲ ಎಂಬುದು ಮಾತ್ರ ನೆನಪಿರಲಿ. 13+ ಮತ್ತು ಅದಕ್ಕೆ ಮೇಲ್ಪಟ್ಟದ್ದಕ್ಕೆ ಪೋಷಕರು ಬೀಗ ಹಾಕುವ ವ್ಯವಸ್ಥೆ ಕೊಡಬೇಕು ಎಂದು ನಿಯಮ ಇದೆ. ನನ್ನ ಮಗಳು ಸೆಟ್ಟಿಂಗ್ಸಿಗೆ ಹೋಗಿ ನಾಲ್ಕಂಕಿಯ ಪಿನ್ ಹಾಕಿದ್ದಾಳೆ, ಐದು ನಿಮಿಷದ ಕೆಲಸ.

ಚಿತ್ರಮಂದಿರದ ಮಾಲೀಕರಿಗೂ ಒಂದೆರಡು ಮಾತು ಹೇಳಬೇಕು. ಅವರ ಕಷ್ಟ ನನಗೆ ಗೊತ್ತು. ದಿನದ ಗಳಿಕೆಯ ಲೆಕ್ಕವಾದ ಡಿಸಿಆರ್ ಬರೆದವಳು ನಾನು, ಒಂದು ಆಟಕ್ಕೆ ಎಷ್ಟು ಟಿಕೆಟ್ ಹೋದರೆ ಕರೆಂಟ್ ಬಿಲ್ಲು ಹುಟ್ಟುತ್ತದೆ ಎಂಬ ಲೆಕ್ಕ ಬಲ್ಲೆ. ಒಂದು ಕುಟುಂಬವನ್ನು ವಾಪಸ್ ಕಳಿಸಿದರೆ ನಾಲ್ಕು ಟಿಕೆಟ್ ಹೋಯಿತು. ಆದರೂ ಟಿಕೆಟ್ ಕೊಡುವ ಜಾಗದಲ್ಲಿ, ದರದ ಬೋರ್ಡಿನ ಪಕ್ಕದಲ್ಲೇ, ಅಂದಿನ ಸಿನಿಮಾದ ವಯಸ್ಸಿನ ಗುರುತನ್ನು ಕನ್ನಡದಲ್ಲಿ ಬರೆದು ಹಾಕಬೇಕು. ಬರಿ ‘ಯುಎ 13+’ ಎಂದು ಬರೆದರೆ ಸಾಲದು. ‘13 ವರ್ಷದೊಳಗಿನ ಮಕ್ಕಳಿಗೆ ತೋರಿಸುವ ಮುನ್ನ ತಂದೆತಾಯಿ ಯೋಚಿಸಿ’ ಎಂದು ಪೂರ್ತಿ ಬರೆಯಲಿ. ಜತೆಗೆ ಮಗು ಕಂಡರೆ ಕೌಂಟರಿನವರು ಬಾಯಿಬಿಟ್ಟು ಒಂದು ಮಾತು ಹೇಳಲಿ. ತಡೆಯುವ ಅಧಿಕಾರ ಅವರಿಗಿಲ್ಲ, ಹೇಳುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಎ ಸಿನಿಮಾಕ್ಕೆ ಮೊಬೈಲಿನಲ್ಲಿ ಬುಕ್ ಮಾಡಿ ಬಂದವರಲ್ಲಿ ಹದಿನೆಂಟು ತುಂಬದವರಿದ್ದರೆ ಗೇಟಿನಲ್ಲಿ ಜಗಳ ಬೆಳೆಸದೆ ಆ ಟಿಕೆಟನ್ನು ಬೇರೆ ಸಿನಿಮಾಕ್ಕೆ ಬದಲಾಯಿಸಿಕೊಡುವ ಏರ್ಪಾಡು ಮಾಡಿದರೆ ಯಾರಿಗೂ ನಷ್ಟವಿಲ್ಲ. ಒಂದೇ ಕಟ್ಟಡದಲ್ಲಿ ನಾಲ್ಕಾರು ಪರದೆ ಇರುವವರಿಗೆ ಇದು ಕಷ್ಟದ ಕೆಲಸವಲ್ಲ. ಜಿಲ್ಲಾಡಳಿತವೂ ಲೈಸೆನ್ಸ್ ನವೀಕರಣಕ್ಕೆ ಬೆಂಕಿ ನಂದಿಸುವ ಸಿಲಿಂಡರು, ಶೌಚಾಲಯ ನೋಡಲು ಬಂದಾಗ ಈ ಬೋರ್ಡು ಇದೆಯೇ ಎಂದೂ ನೋಡಲಿ.

ನಿಮ್ಮ ಪತ್ರಿಕೆಯವರಿಗೆ ಈ ಮಾಹಿತಿ ಹುಡುಕುವುದು ಕಷ್ಟವೂ ಅಲ್ಲ. ಸಿನಿಮಾ ಪಟ್ಟಿ ಕಳಿಸುವ ಚಿತ್ರಮಂದಿರದವರ ಹತ್ತಿರ ಪ್ರಮಾಣಪತ್ರ ಇದ್ದೇ ಇರುತ್ತದೆ. ಸಿನಿಮಾದ ಹೆಸರು, ಆಟದ ಸಮಯ ಕೇಳುವಾಗ ಅದನ್ನೂ ಕೇಳಿ ಬರೆದುಕೊಂಡರಾಯಿತು. ವಾರಕ್ಕೊಮ್ಮೆ ಶುಕ್ರವಾರ ಪಟ್ಟಿಯ ಕೆಳಗೆ ಎರಡು ಸಾಲಿನಲ್ಲಿ ಯಾವ ಗುರುತಿಗೆ ಏನು ಅರ್ಥ ಎಂದು ಹಾಕಿ. ಸಿನಿಮಾ ವಿಮರ್ಶೆ ಬರೆಯುವವರೂ ನಕ್ಷತ್ರ ಕೊಡುವ ಜಾಗದಲ್ಲಿ ವಯಸ್ಸಿನ ಗುರುತನ್ನು ಸೇರಿಸಿ, ಅದು ಯಾವ ಕಾರಣಕ್ಕೆ ಬಂದಿರಬಹುದು, ಹೊಡೆದಾಟವೋ, ಬೈಗುಳವೋ, ದೆವ್ವದ ಹೆದರಿಕೆಯೋ, ಒಂದು ವಾಕ್ಯದಲ್ಲಿ ಹೇಳಲಿ. ದೆವ್ವಕ್ಕೆ ನಗುವ ಮಕ್ಕಳಿದ್ದಾರೆ, ಪರದೆಯ ಮೇಲೆ ಅಪ್ಪ ಅಮ್ಮ ಜಗಳವಾಡಿದರೆ ರಾತ್ರಿಯಿಡೀ ನಿದ್ದೆ ಮಾಡದ ಮಕ್ಕಳೂ ಇದ್ದಾರೆ. ಯಾವ ಮಗುವಿಗೆ ಯಾವುದು ತಡೆಯುವುದಿಲ್ಲ ಎಂದು ಆ ಮಗುವಿನ ತಾಯಿಗೆ ಗೊತ್ತು.

ಮುಂದಿನ ಶುಕ್ರವಾರದ ಪಟ್ಟಿಯಿಂದಲೇ ಶುರು ಮಾಡಿ ಎಂದು ಕೇಳಿಕೊಳ್ಳುತ್ತೇನೆ. ದಸರಾ ರಜೆಗೆ ಹಳ್ಳಿಗಳಿಂದ ಮಕ್ಕಳನ್ನು ಕಟ್ಟಿಕೊಂಡು ಬರುವವರು ಶುರುವಾಗುವ ಮುಂಚೆ ಓದುಗರಿಗೆ ಅದು ರೂಢಿಯಾಗಿರಲಿ.

ಇಂತಿ ನಮಸ್ಕಾರಗಳು,
ಹಿಂದೆ ಟಾಕೀಸಿನ ಹೆಂಗಸರ ಕೌಂಟರಿನಲ್ಲಿ ಟಿಕೆಟ್ ಕೊಡುತ್ತಿದ್ದ ನಿಮ್ಮ ಓದುಗಿ
ನಿಟುವಳ್ಳಿ, ದಾವಣಗೆರೆ